ಮೇಷ್ಟ್ರ ಗಾಡಿಗೆ ದಪ್ಪ ಟೈರು

ನಮ್ಮ ಮನೆಯಲ್ಲಿ 1986ರ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಅಪ್ಪ ಕೊಂಡದ್ದು. ಸಂಜೆ ಸೋಲದೇವನಹಳ್ಳಿ ಸ್ಟೇಷನ್ನಿನ ಕಡೆಯಿಂದ ಅದರ ಸದ್ದು ಕೇಳಿದೊಡನೆ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಗೇರು ಹಾಕುವ ಕೋಲನ್ನೇ ಮೇಲಕ್ಕೆ ತಿರುಗಿಸಿ ಒದ್ದರೆ ಗಾಡಿ ಚಾಲೂ ಆಗುವ ಆ ಮೈಸೂರು ಚಮತ್ಕಾರ ತಿಳಿಯದವರು ಕಿಕ್ಕರ್ ಎಲ್ಲಿದೆ ಎಂದು ಸುತ್ತಲೂ ಹುಡುಕುತ್ತಿದ್ದರು. ಅಪ್ಪ ಬೇಕೆಂದೇ ಸ್ವಲ್ಪ ಹೊತ್ತು ಹುಡುಕಲು ಬಿಡುತ್ತಿದ್ದರು.

1961ರಲ್ಲಿ ಗಾಡಿ ತಯಾರಿಸತೊಡಗಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ಗಾಡಿ ಮುಚ್ಚಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಭಾನುವಾರ ಒರೆಸುವುದು, ವಾರಕ್ಕೊಮ್ಮೆ ಹೆಸರಘಟ್ಟದವರೆಗೆ ಓಡಿಸುವುದು ನನ್ನ ಪಾಲಿನ ನಿತ್ಯವಿಧಿಯಾಯಿತು.

2022ರ ಜನವರಿಯಲ್ಲಿ ಯೆಜ್ಡಿ ಎಂಬ ಹೆಸರು ಹೊಸ ಗಾಡಿಗಳ ಮೇಲೆ ಮತ್ತೆ ಮಾರುಕಟ್ಟೆಗೆ ಬಂತು. ಅವುಗಳ ಹಿಂದಿನ ಟೈರು ನೋಡಬೇಕು, ಪೈಲ್ವಾನನ ತೋಳಿನ ಹಾಗೆ. ಪಕ್ಕದಲ್ಲಿ ನಿಂತ ನಮ್ಮದು ಒಣಗಿದ ಸೈಕಲ್ಲಿನಂತೆ ಕಂಡಿತು. ಐವತ್ತು ದಾಟಿದವನಿಗೆ ಇಂಥ ಅಸೂಯೆ ಬರಬಾರದು, ಆದರೂ ಬಂತು. ಅಷ್ಟರಲ್ಲಿ ಹಿಂದಿನ ಟೈರು ಸವೆದು ಬೋಳಾಗಿದ್ದುದೂ ಒಂದು ನೆಪವಾಯಿತು.

“ಹಳೇದು ಮೂರೂಕಾಲು, ಹದಿನೆಂಟು ಸಾರ್. ದಪ್ಪದ್ದೇ ಹಾಕ್ಸಿಬಿಡಿ, ನೂರು, ತೊಂಬತ್ತು, ಹದಿನೆಂಟು. ಲುಕ್ಕೂ ಬರುತ್ತೆ, ಗ್ರಿಪ್ಪೂ ಸಿಗುತ್ತೆ,” ಎಂದ ಅಂಗಡಿಯ ಹುಡುಗ. ಮೂರೂಕಾಲು ಇಂಚೆಂದರೆ 83 ಮಿಲಿಮೀಟರು. ಅಂದರೆ 17 ಮಿಲಿಮೀಟರಿನ ಬಡ್ತಿ. ನಾನು ಹೂಂ ಎಂದೆ. ಟೈರು ಚೈನ್ ಕವರಿಗೆ ಉಜ್ಜಿ ಕರ್ರ್ ಎಂದಾಗ ಅವನು ಎರಡು ವಾಷರ್ ತುರುಕಿ ಅದನ್ನೂ ಸರಿಮಾಡಿದ. ಬಿಎಸ್ಸಿ ಓದಿದವನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ!

ಮುಂದಿನ ವಾರ ಎಂಟನೇ ತರಗತಿಗೆ ಘರ್ಷಣೆಯ ಪಾಠ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವ ಪ್ರಯೋಗವನ್ನು ವರ್ಷಾವರ್ಷ ಮಾಡುತ್ತೇನೆ. ಮಲಗಿಸಿ ಎಳೆದರೂ ಅಷ್ಟೇ, ಪಕ್ಕಕ್ಕೆ ನಿಲ್ಲಿಸಿ ಎಳೆದರೂ ಹೆಚ್ಚುಕಡಿಮೆ ಅಷ್ಟೇ. ತಾಗುವ ಜಾಗ ಎಷ್ಟಿದೆ ಎಂಬುದರ ಮೇಲೆ ಘರ್ಷಣೆ ನಿಂತಿಲ್ಲವೆಂದು ಫ್ರಾನ್ಸಿನ ಅಮೋಂಟನ್ಸ್ 1699ರಲ್ಲೇ ಹೇಳಿದ್ದಾನೆ ಎಂದು ಬೋರ್ಡಿನ ಮೇಲೆ ಬರೆದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಹಂಗಾದ್ರೆ ಸಾರ್, ನಿಮ್ಮ ಗಾಡೀಗೆ ಯಾಕೆ ದಪ್ಪ ಟೈರ್ ಹಾಕ್ಸಿದ್ದೀರಿ?”

ತರಗತಿಯೆಲ್ಲ ನಕ್ಕಿತು. “ಅದು ಮುಂದಿನ ತರಗತಿಯಲ್ಲಿ ಬರುತ್ತೆ, ಕೂತ್ಕೊ,” ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಆಡುವ ಮಾತು ಇದು ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಆ ಶ್ರಾವಣದಲ್ಲಿ ಹೆಸರಘಟ್ಟದಲ್ಲಿ ನೆಂಟರ ಗೃಹಪ್ರವೇಶ. ನನ್ನಾಕೆ ರೇಷ್ಮೆ ಸೀರೆಯುಟ್ಟು ಹಿಂದೆ ಕುಳಿತಿದ್ದಳು. ತುಂತುರು ಮಳೆ, ಟಿಪ್ಪರುಗಳು ಚೆಲ್ಲಿದ ಕೆಮ್ಮಣ್ಣು. ಒಂದು ತಿರುವಿನಲ್ಲಿ ಗಾಡಿ ವಾಲಿಸಿದೆ ನೋಡಿ, ಮೊದಲು ವಾಲಲೊಲ್ಲದು, ಆಮೇಲೆ ಒಮ್ಮೆಗೇ ವಾಲಿತು. ಹಿಂಬದಿ ಬಾಲ ಆಡಿಸಿತು. ಎರಡೂ ಕಾಲು ಊರಿ ಹೇಗೋ ನಿಲ್ಲಿಸಿದೆ. ನಮ್ಮ ಹಿಂದೆಯೇ ಬರುತ್ತಿದ್ದ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಅವಳು ಕೆಳಗಿಳಿದು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಂದಳು, “ರೀ, ಹಿಂದಿನಿಂದ ಯಾರೋ ಗಾಡಿ ಹಿಡಿದು ಅಲ್ಲಾಡಿಸಿದ ಹಾಗಾಯ್ತು. ಮಾವನವರ ಕಾಲದಲ್ಲಿ ಇದು ಹೀಗಿರಲಿಲ್ಲ.”

ಕೆಸರಿನ ಮೇಲೆ ಹೊರಿಸಿಬಿಡಬಹುದಿತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅಳತೆ ಟೇಪು ಹಿಡಿದು ಕೂತೆ. ಮೈಸೂರಿನ ಆ ಹಳೆಯ ರಿಮ್ಮಿನ ಒಳಅಗಲ ಎರಡು ಇಂಚೂ ಇಲ್ಲ, 1.85. ನಾನು ಹಾಕಿಸಿದ ಟೈರಿಗೆ ಕನಿಷ್ಠ 2.15 ಇಂಚಿನ ರಿಮ್ಮು ಬೇಕು. ಕಿರಿದಾದ ರಿಮ್ಮಿನಲ್ಲಿ ದಪ್ಪ ಟೈರಿನ ಎರಡು ಅಂಚುಗಳನ್ನೂ ಚಿವುಟಿ ಹಿಡಿದಂತಾಗಿ ಅದರ ಬೆನ್ನು ಗೂನಾಗುತ್ತದೆ. ನೇರ ಹೋಗುವಾಗ ನೆಲಕ್ಕೆ ತಾಗುವುದು ಗೂನಿನ ತುದಿ ಮಾತ್ರ. ವಾಲಿದಾಗ ಆ ತುದಿಯಿಂದ ಇಳಿಜಾರಿಗೆ ಹಾರಬೇಕು. ನನ್ನಾಕೆಗೆ ಯಾರೋ ಅಲ್ಲಾಡಿಸಿದಂತಾದದ್ದು ಅದೇ.

ಪರೀಕ್ಷಿಸದೆ ನಂಬಬಾರದಲ್ಲ? ಟೈರಿಗೆ ಎಣ್ಣೆಯಲ್ಲಿ ಕಲಸಿದ ಮಸಿ ಬಳಿದು, ಜಾಕಿ ಕೊಟ್ಟು ಎತ್ತಿ, ಕೆಳಗೆ ಗ್ರಾಫ್ ಹಾಳೆ ಹಾಸಿ, ನಾವಿಬ್ಬರೂ ಮೇಲೆ ಕುಳಿತು ಇಳಿಸಿದೆವು. (ಅಕ್ಕಪಕ್ಕದವರು ಏನೆಂದುಕೊಂಡರೋ!) ಗಾಡಿ ಸುಮಾರು 140 ಕೆ.ಜಿ., ನಾವಿಬ್ಬರು 125. ಹಿಂದಿನ ಚಕ್ರದ ಪಾಲಿಗೆ 165 ಎನ್ನಿ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕೆ.ಜಿ. ಭಾಗಿಸಿದರೆ 82 ಚದರ ಸೆಂಟಿಮೀಟರು. ಭಾರವನ್ನು ಹೊರುವುದು ಬಹುಪಾಲು ಗಾಳಿಯೇ ಆದ್ದರಿಂದ, ಒತ್ತಡ ಅಷ್ಟೇ ಇದ್ದರೆ ತೆಳ್ಳಗಿನ ಟೈರಾದರೂ ದಪ್ಪ ಟೈರಾದರೂ ನೆಲ ಮುಟ್ಟುವ ಜಾಗ ಸರಿಸುಮಾರು ಅಷ್ಟೇ. ಬದಲಾಗುವುದು ಆಕಾರ: ಒಂದು ಉದ್ದನೆಯ ಸೌತೆಕಾಯಿ, ಇನ್ನೊಂದು ಗುಂಡು ಬದನೆಕಾಯಿ. ಆಮೇಲೆ ಹಳೆಯ ಅಳತೆಯ ಹೊಸ ಟೈರು ತಂದು ಅದರ ಅಚ್ಚನ್ನೂ ತೆಗೆದು ಚೌಕ ಎಣಿಸಿದೆ. ವ್ಯತ್ಯಾಸ ಐದಾರು ಚದರ ಸೆಂಟಿಮೀಟರು. ಅಂದರೆ ನಾನು ದುಡ್ಡು ಕೊಟ್ಟು ತಂದ ಅಗಲವೆಲ್ಲ ಗಾಳಿಯಲ್ಲೇ ನಿಂತಿತ್ತು.

ಹಾಗಾದರೆ ರೇಸ್ ಕಾರುಗಳಿಗೆ ಅಷ್ಟು ಅಗಲದ ಟೈರೇಕೆ? ಅಮೋಂಟನ್ಸನ ಮಾತು ಇಟ್ಟಿಗೆಗೆ ಸರಿ, ರಬ್ಬರಿಗೆ ಪೂರ್ತಿ ಸರಿಯಲ್ಲ. ರಬ್ಬರು ರಸ್ತೆಯ ಜಲ್ಲಿಯ ಸಂದಿಗಳಿಗೆ ಇಳಿದು ಕಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಅದರ ಕಚ್ಚುವ ಪ್ರಮಾಣ ಕುಗ್ಗುತ್ತದೆ. ಆದ್ದರಿಂದ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿದರೆ ಲಾಭವುಂಟು. ಆದರೆ ಅದಕ್ಕೆ ಗಾಳಿ ಕಡಿಮೆ ಇರಬೇಕು, ರಬ್ಬರು ಮೆದುವಾಗಿರಬೇಕು, ಎಲ್ಲಕ್ಕಿಂತ ಮೊದಲು ರಿಮ್ಮು ಅಗಲವಿರಬೇಕು. ಬ್ರಿಟಿಷರ ಎಂ.ಜಿ. ಟಿ.ಸಿ. ಎಂಬ ಹಳೆಯ ಸ್ಪೋರ್ಟ್ಸ್ ಕಾರಿಗೆ 19 ಇಂಚಿನ ಎತ್ತರದ ಕಡ್ಡಿಚಕ್ರ, ರಿಮ್ಮಿನ ಅಗಲ ಎರಡೂವರೆ ಇಂಚು, ಟೈರು ಬರೀ ನಾಲ್ಕೂವರೆ. ಅದರಲ್ಲೇ ಅವರು ರೇಸು ಓಡಿಸಿದರು.

ಹಾಗಾದರೆ ರಿಮ್ಮನ್ನೇ ಬದಲಿಸಿ ಎಂದವರೂ ಇದ್ದರು. ಹಳೆಯ ಹಬ್ಬಿಗೆ ಅಗಲದ ರಿಮ್ಮು ಕೂರಿಸಿ ಹೊಸ ಕಡ್ಡಿ ಹೆಣೆದುಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಮನಸ್ಸು ಒಂದು ಗಳಿಗೆ ತೂಗಿತು. ಆದರೆ ಹಿಂದಿನ ರಿಮ್ಮಿನಲ್ಲಿ ಒಂದು ಸಣ್ಣ ತಗ್ಗಿದೆ. 1988ರಲ್ಲಿ ಅಪ್ಪನಿಗೆ ಹೇಳದೆ ನಾನು ಗಾಡಿ ತೆಗೆದುಕೊಂಡು ಹೋಗಿ, ಹಳೆಯ ಪಂಪ್‌ಹೌಸಿನ ಕಡೆ ಗುಂಡಿಗೆ ಇಳಿಸಿದ್ದು. ಅಪ್ಪ ಬಯ್ಯಲಿಲ್ಲ, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಾವೇ ಸರಿಮಾಡಿದ್ದರು. ಆ ರಿಮ್ಮನ್ನು ಗುಜರಿಗೆ ಹಾಕಲು ಕೈ ಬರಲಿಲ್ಲ.

ಆ ಎರಡು ಗ್ರಾಫ್ ಹಾಳೆಗಳನ್ನು ಶಾಲೆಗೆ ಒಯ್ದು ಎರಡನೇ ಬೆಂಚಿನವಳ ಕೈಗೆ ಕೊಟ್ಟು ಚೌಕ ಎಣಿಸು ಎಂದೆ. ಮೇಷ್ಟ್ರು ತಪ್ಪು ಮಾಡಿದ್ದರು ಎಂದೂ ಹೇಳಿದೆ. ಅವಳು ಎಣಿಸಿ, ತಲೆಯೆತ್ತಿ ಕೇಳಿದಳು, “ಮುಂದಿನ ಟೈರಿನದು ತೆಗೆದಿಲ್ವಾ ಸಾರ್?”

ದಪ್ಪ ಟೈರು ಈಗ ಶಾಲೆಯ ಹೊಂಗೆ ಮರಕ್ಕೆ ಜೋತುಬಿದ್ದು ಒಂದನೇ ತರಗತಿಯ ಮಕ್ಕಳಿಗೆ ಉಯ್ಯಾಲೆಯಾಗಿದೆ. ಮುಂದಿನ ಟೈರಿನ ಅಚ್ಚು ತೆಗೆಯುವುದು ಇನ್ನೂ ಬಾಕಿ. ಅದಕ್ಕೆ ನನ್ನಾಕೆ ಮತ್ತೆ ಗಾಡಿ ಏರಿ ಕೂರಲು ಒಪ್ಪಬೇಕು.