ಆಟದ ನಾಣ್ಯ, ಅಜ್ಜಿಯ ನಾಣ್ಯ



ಕೆಲಸಕ್ಕೆಂದು ಊರು ಬಿಟ್ಟು ಬಂದ ಮಕ್ಕಳು ಭಾನುವಾರ ಏನು ಮಾಡುತ್ತಾರೋ ಎಂದು ಮನೆಯವರಿಗೆ ಯೋಚನೆ ಇದ್ದೇ ಇರುತ್ತದೆ. ನಾವು ಆರು ಜನ ಇಲ್ಲಿ ಪಲ್ಲಡಂನಲ್ಲಿದ್ದೇವೆ. ಕೆಲವರು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಕೆಲವರು ಬಣ್ಣ ಹಾಕುವ ಘಟಕದ ಲ್ಯಾಬಿನಲ್ಲಿ, ಒಬ್ಬ ಕೋಳಿ ಫಾರಂನ ಲೆಕ್ಕ ಬರೆಯುವ ಕೆಲಸದಲ್ಲಿ. ಬಲಿಪೂಜೆ ಮುಗಿಸಿ, ಬಟ್ಟೆ ಒಗೆದು, ಮನೆಗೆ ಫೋನ್ ಮಾಡಿ, ಆಮೇಲೆ ನಾವು ಡಬ್ಬಿ ಹುಡುಕಲು ಹೋಗುತ್ತೇವೆ. ಈ ಆಟದ ಹೆಸರು ಜಿಯೋಕ್ಯಾಶಿಂಗ್.

ಆಟ ಸರಳ. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಮರೆಯಾಗಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸುತ್ತಾರೆ. ಮತ್ತೊಬ್ಬರು ಮೊಬೈಲಿನ ಜಿಪಿಎಸ್ ಹಿಡಿದು ಹುಡುಕುತ್ತಾರೆ. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದೆ. ಅದರಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಒಳಗಿನ ವಸ್ತು ಏನಾದರೂ ತೆಗೆದುಕೊಂಡರೆ, ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಟ್ಟು ಬರಬೇಕು.

ಇದು ಶುರುವಾದದ್ದು ಅಮೆರಿಕದಲ್ಲಿ. ಅಲ್ಲಿನ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕಳಿಸುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು ಸವಾಲು ಹಾಕಿದರು. ಈಗ ಲೋಕದಾದ್ಯಂತ ಇಂಥ ಡಬ್ಬಿಗಳು ಲಕ್ಷಗಟ್ಟಲೆ ಇವೆ. ಬಿಎಸ್ಸಿಯಲ್ಲಿ ಓದಿದ್ದು ಹೀಗೆ ಉಪಯೋಗಕ್ಕೆ ಬರುತ್ತದೆಂದು ನಾವು ಅಂದುಕೊಂಡಿರಲಿಲ್ಲ. ಉಪಗ್ರಹದಿಂದ ಸಂಕೇತ ಬಂದ ಸಮಯವನ್ನು ಎಣಿಸುವಾಗ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಕಡಿಮೆಯೆಂದರೂ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಮಾತ್ರ ನಾವು ನಿಂತ ಹುಣಸೆಮರ ಸರಿಯಾಗಿ ಗೊತ್ತಾಗುತ್ತದೆ.

ಈ ಕಡೆ ಡಬ್ಬಿಗಳು ತೀರಾ ಕಡಿಮೆ. ಹಾಗಾಗಿ ಒಂದನ್ನು ನಾವೇ ಇಡಲು ಹೊರಟೆವು. ಮೊದಲು ಪಕ್ಕದ ಮಗ್ಗದ ಶೆಡ್ಡಿನ ಅಣ್ಣನವರನ್ನು ಕೇಳಿದೆವು. ಅವರು ತಕ್ಷಣ, "ಡಬ್ಬಿ ಗಿಬ್ಬಿ ಬಚ್ಚಿಡೋದು ಬೇಡಪ್ಪಾ, ಇದು ಕೊಯಮತ್ತೂರು ಸೀಮೆ" ಅಂದರು. 1998ರ ಫೆಬ್ರವರಿ 14ರಂದು ಕೊಯಮತ್ತೂರಿನಲ್ಲಿ ಸಾಲಾಗಿ ಬಾಂಬುಗಳು ಸಿಡಿದವು. ನಮ್ಮಲ್ಲಿ ಅನೇಕರು ಆಗ ಹುಟ್ಟಿಯೇ ಇರಲಿಲ್ಲ. ಆದರೆ ವಾರಸುದಾರರಿಲ್ಲದ ಡಬ್ಬಿ ಕಂಡರೆ ಇಲ್ಲಿನ ಹಿರಿಯರ ಎದೆ ಇಂದಿಗೂ ಧಸಕ್ಕೆನ್ನುತ್ತದೆ. ಸೂಲೂರಿನ ವಾಯುಪಡೆ ನೆಲೆಯೂ ಹತ್ತಿರದಲ್ಲೇ ಇದೆ. ಅದಕ್ಕೇ ನಾವು ಒಳಗೆ ಕಾಣುವಂಥ ಪ್ಲಾಸ್ಟಿಕ್ ಡಬ್ಬಿ ತಂದು, ಮೇಲೆ ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇದು ಏನು, ಯಾರದು ಎಂದು ಬರೆದು, ಪೊಲೀಸ್ ಠಾಣೆಗೂ ಹೇಳಿ, ಅಣ್ಣನವರ ಕಾಂಪೌಂಡಿನೊಳಗೇ ಇಟ್ಟೆವು.

ಈಗ ನಾಣ್ಯದ ವಿಷಯ. ಈ ಆಟದವರು ಜಿಯೋಕಾಯಿನ್ ಎಂಬ ಬಿಲ್ಲೆಗಳನ್ನು ಮಾಡಿಸುತ್ತಾರೆ. ಇವು 2001ರಿಂದ ಇವೆ. ಪ್ರತಿ ಬಿಲ್ಲೆಯ ಮೇಲೂ ಬೇರೆ ಬೇರೆ ಸಂಕೇತ ಕೊರೆದಿರುತ್ತಾರೆ. ಕೆಲವು ಪ್ರಯಾಣದ ಬಿಲ್ಲೆಗಳು. ಒಂದು ಡಬ್ಬಿಯಲ್ಲಿ ಸಿಕ್ಕಿದರೆ ಇನ್ನೊಂದು ಡಬ್ಬಿಗೆ ಮುಟ್ಟಿಸಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅದರ ಒಡೆಯರು ಮನೆಯಲ್ಲೇ ಕೂತು ನೋಡುತ್ತಿರುತ್ತಾರೆ. ಬೆಂಗಳೂರಿನ ಒಂದು ಡಬ್ಬಿಯಲ್ಲಿ ನಮಗೆ ಜರ್ಮನಿಯ ಬಿಲ್ಲೆಯೊಂದು ಸಿಕ್ಕಿತ್ತು. ಅದನ್ನು ಪಲ್ಲಡಂ ಡಬ್ಬಿಗೆ ತಂದಿಟ್ಟೆವು. ತಿರುಪ್ಪೂರಿಗೆ ಕೆಲಸದ ಮೇಲೆ ಬಂದಿದ್ದ ಹೊರದೇಶದವರೊಬ್ಬರು ಬಂದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಮುಂದಕ್ಕೆ ಒಯ್ದರು. ಆ ದಿನ ಹಬ್ಬದಷ್ಟೇ ಸಂತೋಷವಾಯಿತು.

ಇನ್ನು ಕೆಲವು ಬಿಲ್ಲೆಗಳು ಸಂಗ್ರಹಕ್ಕೆ. ಇವನ್ನು ಹವ್ಯಾಸಿಗಳು ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಾರೆ. ಎದುರಿನವರ ಮುಖ ನೋಡಿರುವುದಿಲ್ಲ, ನಂಬಿಕೆಯೇ ಬಂಡವಾಳ. ಕಸ್ಟಮ್ಸ್ ಚೀಟಿಯಲ್ಲಿ ಬರೀ 'ನಾಣ್ಯ' ಎಂದು ಬರೆದರೆ ಹಣವೆಂದು ತಿಳಿದಾರು ಎಂದು ನಾವು 'ಲೋಹದ ಸ್ಮರಣಿಕೆ, ಚಲಾವಣೆಯ ಹಣವಲ್ಲ' ಎಂದು ಬರೆಯುತ್ತಿದ್ದೆವು.

ಈ ಚೀಟಿಯೇ ನಮ್ಮನ್ನು ಪರೀಕ್ಷೆಗೆ ಒಡ್ಡಿತು.

ನಮ್ಮ ಜೊತೆ ಆಟಕ್ಕೆ ಬರುವ ತಂಗಿಯೊಬ್ಬಳು ಇಲ್ಲಿಯವಳೇ. ತಲೆಮಾರುಗಳಿಂದ ಇಲ್ಲಿ ನೆಲೆಸಿ, ಮನೆಯೊಳಗೆ ಕನ್ನಡ ಆಡುವ ನೇಕಾರರ ಕುಟುಂಬ. ಅವಳ ಅಜ್ಜಿಯ ಹತ್ತಿರ ಹಳೆಯ ಬೆಳ್ಳಿ ರೂಪಾಯಿಗಳನ್ನು ಪೋಣಿಸಿದ ಸರವೊಂದಿದೆ. ಹನ್ನೊಂದು ರೂಪಾಯಿ, ಎಲ್ಲದರ ಮೇಲೂ 1903ರಿಂದ 1919ರೊಳಗಿನ ಇಸವಿ. ಒಂದೊಂದೂ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನಮ್ಮ ಜೊತೆ ಬಿಲ್ಲೆ ಬದಲಾಯಿಸುತ್ತಿದ್ದ ಹೊರದೇಶದ ಹವ್ಯಾಸಿಯೊಬ್ಬರು ಅದರ ಫೋಟೋ ನೋಡಿ, ಅಪರೂಪದ ಮೂರು ಜಿಯೋಕಾಯಿನ್ ಜೊತೆಗೆ ಹಣವನ್ನೂ ಕೊಡುತ್ತೇನೆ, ಸರ ಕಳಿಸಿ ಎಂದು ಬರೆದರು. ಆ ತಂಗಿಗೆ ಆಗಷ್ಟೇ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಅವರು ಹೇಳಿದ ಮೊತ್ತ ಅರ್ಧ ಶುಲ್ಕಕ್ಕೆ ಸಾಕಾಗುತ್ತಿತ್ತು. ಅಜ್ಜಿಯೂ ಒಪ್ಪಿದ್ದರು. "ಪೆಟ್ಟಿಗೇಲಿ ಮಲಗಿರೋ ಬೆಳ್ಳಿ, ಮಗು ಓದಿಗಾದ್ರೆ ಆಗಲಿ" ಅಂದರು.

ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದ ತನಕ ಸೆರೆ, ಜೊತೆಗೆ ದಂಡ. ಇದನ್ನು ಹೇಳಿದಾಗ ನಮ್ಮಲ್ಲೇ ಒಬ್ಬರು ಕೇಳಿದರು, "ಯಾವಾಗಲೂ ಬರೆಯೋ ಹಾಗೆ ಲೋಹದ ಸ್ಮರಣಿಕೆ ಅಂತಲೇ ಬರೆದರೆ ಯಾರಿಗೆ ಗೊತ್ತಾಗುತ್ತೆ? ಇದೂ ಈಗ ಚಲಾವಣೆಯ ಹಣ ಅಲ್ವಲ್ಲ?" ಕೇಳಿದವರನ್ನು ಯಾರೂ ಬೈಯಲಿಲ್ಲ. ತಂಗಿಯ ಶುಲ್ಕದ ಚಿಂತೆ ಎಲ್ಲರಿಗೂ ಇತ್ತು. ಒಂದು ಗಂಟೆ ಚರ್ಚೆ ನಡೆಯಿತು.

ಮಾತಿನ ನಡುವೆ ಈ ನೆಲದ ಹಳೆಯ ಕಥೆಯೂ ಬಂತು. ಎರಡು ಸಾವಿರ ವರ್ಷದ ಹಿಂದೆ ರೋಮ್ ದೇಶದ ಬೆಳ್ಳಿ ನಾಣ್ಯಗಳು ಇದೇ ಕೊಂಗು ನಾಡಿಗೆ ಬಂದವು. ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ಒಟ್ಟಿಗೆ ಸಿಕ್ಕಿದವು. ಇಲ್ಲಿಂದ ಹೋದದ್ದು ಕಾಂಗೇಯಂ ಹತ್ತಿರದ ಪಡಿಯೂರಿನ ಹಸಿರು ನೀಲಿ ಬೆರಿಲ್ ಹರಳು, ನೊಯ್ಯಲ್ ದಡದ ಕೊಡುಮಣಲ್‌ನಲ್ಲಿ ತಯಾರಾದ ಮಣಿಗಳು. ಪಾಲಕ್ಕಾಡಿನ ಕಣಿವೆ ದಾಟಿದರೆ ಪಡುವಣ ಕಡಲಿನ ಬಂದರು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದಾನೆ. ಈ ಸೀಮೆಯಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳವು. ತಿಬೇರಿಯಸ್ ನಮ್ಮ ಪ್ರಭು ಯೇಸು ಬೋಧಿಸುತ್ತಿದ್ದ ಕಾಲದ ಚಕ್ರವರ್ತಿ. ತೆರಿಗೆಯ ಪ್ರಶ್ನೆ ಬಂದಾಗ ಪ್ರಭು ತರಿಸಿ ನೋಡಿದ ದಿನಾರಿ ಅವನದೇ ಇರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದೇ ಮುಖದ ನಾಣ್ಯಗಳು ನಾವು ಬಸ್ಸು ಹತ್ತುವ ಊರುಗಳ ಮಣ್ಣಿನಲ್ಲಿ ಮಲಗಿದ್ದವು. ಇಂಥವು ಈಗ ನೋಡಲು ಸಿಗುವುದು, ಸಿಕ್ಕಾಗ ಯಾರೋ ಒಪ್ಪಿಸಿದ್ದರಿಂದ. ಕದ್ದು ಮಾರಿದ ನಾಣ್ಯ ಎಲ್ಲಿ ಸಿಕ್ಕಿತೆಂದು ಯಾರೂ ಬರೆದಿಡುವುದಿಲ್ಲ.

ಕಡೆಗೆ ವಿಷಯವನ್ನು ಅಜ್ಜಿಗೇ ಬಿಡಿಸಿ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಳಿಸಬೇಕಂದ್ರೆ ಸುಳ್ಳು ಬರೀಬೇಕಾ?" ಹೌದು ಎಂದೆವು. ಅಜ್ಜಿ ಸರವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಹೊರದೇಶದವರಿಗೆ ಕಾರಣ ತಿಳಿಸಿ ಬರೆದೆವು. ಅವರಿಂದ ಮತ್ತೆ ಉತ್ತರ ಬರಲಿಲ್ಲ. ನಾವು ಬಹಳ ಆಸೆಪಟ್ಟಿದ್ದ ಬಿಲ್ಲೆಯೂ ಹೋಯಿತು. ತಂಗಿ ಕಾಲೇಜಿನಲ್ಲಿ ಕೇಳಿಕೊಂಡು ಶುಲ್ಕವನ್ನು ಎರಡು ಕಂತು ಮಾಡಿಸಿಕೊಂಡಳು. ಮೊದಲ ಕಂತಿಗೆ ಮನೆಯವರ ಹಣದ ಜೊತೆ ನಾವೂ ಓವರ್‌ಟೈಮ್ ದುಡ್ಡು ಸೇರಿಸಿದೆವು. ಎರಡನೆಯದು ನವೆಂಬರಿನಲ್ಲಿ ಕಟ್ಟಬೇಕು. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇವೆ, ನಿಮ್ಮ ಪ್ರಾರ್ಥನೆಯಲ್ಲಿ ಅವಳನ್ನು ನೆನೆಯಿರಿ.

ಈ ಹವ್ಯಾಸಕ್ಕೆ ಬರುವ ತಮ್ಮ ತಂಗಿಯರಿಗೆ ಮೂರು ಮಾತು. ಜಾಗದ ಒಡೆಯರನ್ನು ಕೇಳದೆ ಡಬ್ಬಿ ಇಡಬೇಡಿ. ಬಿಲ್ಲೆಯ ಸಂಕೇತ ಕಾಣುವಂತೆ ಫೋಟೋ ಹಾಕಬೇಡಿ, ಅದನ್ನು ಮುಟ್ಟದವರೂ ಸಿಕ್ಕಿತೆಂದು ದಾಖಲಿಸಿಬಿಡುತ್ತಾರೆ. ಮನೆಯ ಹಳೆಯ ನಾಣ್ಯ ಆಟದ ಬಿಲ್ಲೆಯ ಜೊತೆ ಸೇರದಿರಲಿ. ರಜೆಗೆ ಯಾರಾದರೂ ಈ ಕಡೆ ಬಂದರೆ ನಮಗೆ ಹೇಳಿ. ಹುಣಸೆಮರದ ಕೆಳಗಿನ ಪುಸ್ತಕದಲ್ಲಿ ಇನ್ನೂ ಬಹಳ ಹಾಳೆ ಖಾಲಿ ಇವೆ.