ಬಿತ್ತನೆ ಬಿಟ್ಟು ಹೋದವರು

ಮಕ್ಕಳಿಗೆ ಏನ್ ಬಿಟ್ಟೋಗ್ತೀರಿ ಅಂತ ಕೇಳಿದ್ರೆ ನಮ್ಮ ಕೇರಿ ಜನ ಸುಮ್ಮನಾಗ್ತಾರೆ. ಪಹಣಿಯಲ್ಲಿ ನಮ್ಮ ಹೆಸರಿಲ್ಲ. ನಮ್ಮವ್ವ ಕಂಡೋರ ಹೊಲದಲ್ಲಿ ರಾಗಿ ಕುಯ್ದು, ಕೂಲಿಗೂ ರಾಗಿಯನ್ನೇ ಅಳೆಸಿಕೊಂಡು ಬಂದವಳು.

ಆದರೆ ಬಂಧುಗಳೇ, ಮಂಡ್ಯದ ವಿ.ಸಿ. ಫಾರಂ ಕಡೆ ಒಮ್ಮೆ ನೋಡಿ. ಅಲ್ಲಿ ದುಡಿದವರು ರಾಗಿ ಲಕ್ಷ್ಮಣಯ್ಯ. 1921ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯ ದಲಿತ ಮನೆಯಲ್ಲಿ ಹುಟ್ಟಿದವರು. ರಾಗಿ ಹೂವು ಬಲು ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತೆ. ಅದನ್ನು ಬೇರೆ ತಳಿ ಜೊತೆ ಕೂಡಿಸೋದು ಹುಡುಗಾಟವಲ್ಲ. ಅವರು ಅದನ್ನೇ ಬದುಕು ಮಾಡ್ಕೊಂಡ್ರು. ಅರುಣ, ಉದಯ, ಪೂರ್ಣ, ಕಾವೇರಿ ತಳಿಗಳು ಬಂದವು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಇಳುವರಿ ಏರಿತು, ಬಡವರ ಮನೆಯ ಹಿಟ್ಟಿನ ಮಡಕೆ ತುಂಬಿತು.

ನಮ್ಮನ್ನು ಹೊಸಿಲ ಆಚೆ ನಿಲ್ಲಿಸಿದವರ ಕಣಜದೊಳಕ್ಕೂ ಆ ರಾಗಿ ಹೋಯ್ತು. ಜಾತಿ ಕೇಳೋರೂ ಆ ಮುದ್ದೆ ಉಂಡರು. ಯಾರ ಕೈ ಬಿತ್ತನೆ ಅಂತ ಮಾತ್ರ ಯಾರೂ ಕೇಳಲಿಲ್ಲ.

1993ರಲ್ಲಿ ಅವರು ಹೋದರು, ಬಿತ್ತನೆ ಉಳೀತು. ಜಮೀನು ಪಾಲಾದಷ್ಟೂ ಕರಗುತ್ತೆ, ಬಿತ್ತನೆ ಹಂಚಿದಷ್ಟೂ ಹೆಚ್ಚುತ್ತೆ. ವಿದ್ಯೆಯೂ ಹಂಗೇ ಕಣ್ರಪ್ಪಾ. ಆಸ್ತಿ ಇಲ್ಲ ಅಂತ ಕುಗ್ಗಬೇಡಿ, ಮಕ್ಕಳನ್ನು ಓದಿಸಿ. ಇವತ್ತು ಮುದ್ದೆ ಮುರಿಯುವಾಗ ಲಕ್ಷ್ಮಣಯ್ಯನವರ ಹೆಸರನ್ನೂ ಹೇಳಿ.

ಜೈಭೀಮ್.