ಕಲ್ಲಿದ್ದಲ ಊರಿಗೆ ಮರದ ಸೌಟು

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಉತ್ತರಕ್ಕೆ ಹೊರಡುವ ರೈಲಿಗೆ ಅವಸರವಿಲ್ಲ. ಸುಮಾರು 160 ಕಿಲೋಮೀಟರ್ ದೂರದ ನ್ಯೂಕ್ಯಾಸಲ್ ಸೇರಲು ಅದಕ್ಕೆ ಎರಡೂವರೆಯಿಂದ ಮೂರು ತಾಸು ಬೇಕು. ಆದರೆ ಬೇಸರವಾಗುವುದಿಲ್ಲ. ಹಾಕ್ಸ್‌ಬರಿ ನದಿಯ ಉದ್ದ ಸೇತುವೆ ದಾಟುವಾಗ ಎರಡೂ ಕಡೆ ನೀರು, ನೀರಿಗೆ ಇಳಿದು ನಿಂತಂತೆ ಕಾಣುವ ಕಾಡುಗುಡ್ಡಗಳು. ಮುಂದೆ ಹಳಿ ಹಿನ್ನೀರಿನ ಅಂಚಿನಲ್ಲೇ ಸಾಗುತ್ತದೆ. ಗಾಸ್ಫೋರ್ಡ್ ದಾಟಿ ಉತ್ತರಕ್ಕೆ ಹೋದಂತೆಲ್ಲ, ಪಂದ್ಯದ ದಿನವಾದರೆ, ಬೋಗಿಯ ಬಣ್ಣವೇ ಬದಲಾಗುತ್ತದೆ. ಕೆಂಪು-ನೀಲಿ ಅಂಗಿ ತೊಟ್ಟ ಅಜ್ಜ, ಅದೇ ಬಣ್ಣದ ಟೊಪ್ಪಿಗೆಯ ಮೊಮ್ಮಗಳು, ಕೆನ್ನೆಗೆ ಪಟ್ಟೆ ಬಳಿದುಕೊಂಡ ಕಾಲೇಜು ಹುಡುಗರು ಹತ್ತುತ್ತಾರೆ. ಇವರೆಲ್ಲ ಬ್ರಾಡ್‌ಮೆಡೋ ನಿಲ್ದಾಣದಲ್ಲಿ ಇಳಿದು ಕ್ರೀಡಾಂಗಣದ ಕಡೆಗೆ ನಡೆಯುತ್ತಾರೆ. ನ್ಯೂಕ್ಯಾಸಲ್ ನೈಟ್ಸ್ ತಂಡ ಅಂದು ಗೆಲ್ಲುತ್ತದೆಂಬ ಭರವಸೆ ಇವರಲ್ಲಿ ಎಷ್ಟು ಮಂದಿಗೆ ಇರುತ್ತದೋ ಹೇಳುವುದು ಕಷ್ಟ.

ಊರಿನ ಹೆಸರು ಇಂಗ್ಲೆಂಡಿನ ಕಲ್ಲಿದ್ದಲ ಪಟ್ಟಣದಿಂದ ಎರವಲು ತಂದದ್ದು. ಕಸುಬೂ ಅದೇ. ಹಂಟರ್ ನದಿ ಸಮುದ್ರ ಸೇರುವ ಈ ಜಾಗದಲ್ಲಿ ಕಲ್ಲಿದ್ದಲು ಸಿಕ್ಕಿದ್ದು 18ನೇ ಶತಮಾನದ ಕೊನೆಯಲ್ಲಿ. 1799ರಲ್ಲಿ ಇಲ್ಲಿಂದ ಹೊರಟ ಮೊದಲ ಕಲ್ಲಿದ್ದಲ ಹಡಗು ಹೋದದ್ದು ಎಲ್ಲಿಗೆ ಗೊತ್ತೆ? ನಮ್ಮ ಬಂಗಾಳಕ್ಕೆ! ಈಗ ಇದು ಜಗತ್ತಿನಲ್ಲೇ ಅತಿ ಹೆಚ್ಚು ಕಲ್ಲಿದ್ದಲು ರಫ್ತು ಮಾಡುವ ಬಂದರು. ನಾಬೀಸ್ ದೀಪಸ್ತಂಭದ ಬಳಿ ನಿಂತರೆ ದಿಗಂತದಲ್ಲಿ ಸರದಿಗಾಗಿ ಕಾದ ಹಡಗುಗಳು ಕಾಣುತ್ತವೆ. 2007ರ ಜೂನ್‌ನಲ್ಲಿ ಬಿರುಗಾಳಿಗೆ ಸಿಕ್ಕಿದ ‘ಪಾಶಾ ಬಲ್ಕರ್’ ಎಂಬ ಹಡಗು ಈ ಕಡಲತೀರದ ಮರಳಿಗೇ ಬಂದು ಕೂತಿತ್ತು. ಊರಿಗೆ ಊರೇ ಅದನ್ನು ನೋಡಲು ಬಂದಿತ್ತು.

ದಕ್ಷಿಣಕ್ಕೆ ಸ್ವಲ್ಪ ನಡೆದರೆ ಬೋಗಿ ಹೋಲ್ ಎಂಬ ಈಜುಗುಂಡಿ ಸಿಗುತ್ತದೆ. ಸುಮಾರು 1819ರಲ್ಲಿ ಇಲ್ಲಿನ ದಂಡಾಧಿಕಾರಿಯ ಸ್ನಾನಕ್ಕೆಂದು ಕೈದಿಗಳು ಕಡಲಬಂಡೆ ಕಡಿದು ಮಾಡಿದ್ದು. ಒಬ್ಬ ಸಾಹೇಬರ ಸ್ನಾನಕ್ಕೆ ಎಷ್ಟು ಜನರ ಬೆವರೋ! ಈಗ ಯಾರು ಬೇಕಾದರೂ ಮುಳುಗಬಹುದು, ಅಲೆ ಜೋರಾಗಿಲ್ಲದಿದ್ದರೆ.

ಗಣಿ, ಬಂದರು, ಉಕ್ಕಿನ ಕಾರ್ಖಾನೆಗಳ ಇಂಥ ಊರಿಗೆ ರಗ್ಬಿ ಲೀಗ್ ಅಂಟಿಕೊಂಡದ್ದು ಆಕಸ್ಮಿಕವಲ್ಲ. ಆ ಆಟ ಹುಟ್ಟಿದ್ದೇ ಕೂಲಿಯ ಜಗಳದಿಂದ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಮತ್ತು ಗಣಿ ಕಾರ್ಮಿಕರು ರಗ್ಬಿ ಆಡಲು ಹೋದರೆ ಅಂದಿನ ಸಂಬಳ ಖೋತಾ. ಅದನ್ನು ಭರಿಸಿಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದವು. ಅನುಕೂಲಸ್ಥರ ಕೈಯಲ್ಲಿದ್ದ ಮಂಡಳಿ ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಆ ಕ್ಲಬ್ಬುಗಳು ಬೇರೆಯಾದವು. ಸಿಡ್ನಿಯಲ್ಲೂ ಇಂಥದೇ ಜಗಳವಾಗಿ 1908ರಲ್ಲಿ ಹೊಸ ಆಟದ ಟೂರ್ನಿ ಶುರುವಾದಾಗ ನ್ಯೂಕ್ಯಾಸಲ್‌ನ ತಂಡವೊಂದು ಅದರಲ್ಲಿತ್ತು. ಎರಡು ವರ್ಷ ಆಡಿ, ತನ್ನದೇ ಸ್ಥಳೀಯ ಟೂರ್ನಿ ಕಟ್ಟಿಕೊಂಡು ಅದು ಹೊರಬಂತು. ಮತ್ತೆ ಸಿಡ್ನಿಯ ದೊಡ್ಡ ತಂಡಗಳ ಜೊತೆ ಆಡಲು ‘ನೈಟ್ಸ್’ ತಂಡ ಹುಟ್ಟಿದ್ದು 1988ರಲ್ಲಿ.

ಆಟದ ಗುಟ್ಟು ತಿಳಿಯದೆ ಇಲ್ಲಿನ ಜನರ ಸಂಕಟ ಅರ್ಥವಾಗುವುದಿಲ್ಲ. ತಂಡಕ್ಕೆ 13 ಮಂದಿ, ಆಟ 80 ನಿಮಿಷ. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೋ ಅಡ್ಡಕ್ಕೋ ಕೊಡಬೇಕು. ಎದುರಾಳಿಗಳು ಓಡುವವನನ್ನು ಹಿಡಿದು ಕೆಡವುತ್ತಾರೆ. ಕಬಡ್ಡಿ ಆಡಿದವರಿಗೆ ಈ ಹಿಡಿತದ ಸೊಗಸು ಬೇಗ ತಿಳಿದೀತು. ಬಿದ್ದವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿದರೆ ಆಟ ಮುಂದುವರಿಯಿತು. ಹೀಗೆ ಆರು ಸಲ ಬೀಳುವುದರೊಳಗೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು. ಮುಟ್ಟಿಸಿದರೆ ‘ಟ್ರೈ’, 4 ಅಂಕ. ಆ ಮೇಲಿನ ಒದೆತ ಕಂಬಗಳ ನಡುವೆ ಹೋದರೆ ಇನ್ನೆರಡು. ಆಗದಿದ್ದರೆ ಚೆಂಡು ಎದುರಾಳಿಗೆ.

ಮೇಲುನೋಟಕ್ಕೆ ಬರೀ ಬಲದ ಆಟ. ಆದರೆ ಕೆಲಸ ನಡೆಯುವುದು ಲೆಕ್ಕಾಚಾರದಲ್ಲಿ. ಒಬ್ಬ ಬಿದ್ದ ಕೂಡಲೇ ಎದುರಾಳಿಯ ಸಾಲು 10 ಮೀಟರ್ ಹಿಂದೆ ಸರಿಯಬೇಕು. ಬಿದ್ದವನು ಚಟಕ್ಕನೆ ಎದ್ದು ಚೆಂಡು ಉರುಳಿಸಿದರೆ ಆ ಸಾಲು ಇನ್ನೂ ಕಾಲೂರಿರುವುದಿಲ್ಲ. ಆ ಒಂದೆರಡು ಕ್ಷಣದಲ್ಲಿ ಹಾಫ್‌ಬ್ಯಾಕ್ ಎಂಬ ಸೂತ್ರಧಾರ ಸಂದು ಹುಡುಕಬೇಕು. ಒಬ್ಬನಿಗೆ ಕೊಡುವಂತೆ ತೋರಿಸಿ ಇನ್ನೊಬ್ಬನಿಗೆ ಕೊಡಬೇಕು, ಇಲ್ಲವೇ ತಾನೇ ನುಗ್ಗಬೇಕು. ಎದುರಿನವರನ್ನು ಒಂದು ಅರೆಗಳಿಗೆ ಅನುಮಾನದಲ್ಲಿ ನಿಲ್ಲಿಸುವುದೇ ಇಡೀ ವಿದ್ಯೆ.

ನ್ಯೂಕ್ಯಾಸಲ್‌ನ ಅಭಿಮಾನಿಗಳ ದೂರು ಇರುವುದೂ ಇಲ್ಲಿಯೇ. ಸೋತ ವರ್ಷಗಳಲ್ಲಿ ತಂಡದ ದಾಳಿಗೆ ಒಂದು ಪಾಠ ಬಾಯಿಪಾಠವಾಗಿಬಿಟ್ಟಿರುತ್ತದೆ. ಮೊದಲ ಮೂರು ಸಲ ದಪ್ಪ ಆಳುಗಳು ನೇರ ಹೋಗಿ ಗೋಡೆಗೆ ಗುದ್ದುವುದು. ನಾಲ್ಕನೆಯದಕ್ಕೆ ಚೆಂಡು ಕೈಯಿಂದ ಕೈಗೆ ಅಡ್ಡಡ್ಡ ಸಾಗುವುದು. ಯಾರೂ ಮುಂದಕ್ಕೆ ನುಗ್ಗದ ಕಾರಣ ಎದುರಾಳಿಯ ಸಾಲು ಆರಾಮವಾಗಿ ಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಚೆಂಡು ಅಂಚಿನ ಓಟಗಾರನ ಕೈ ಸೇರಿದಾಗ ಅವನ ಮುಂದೆ ಮೂವರು, ಪಕ್ಕದಲ್ಲಿ ಬಿಳಿ ಗೆರೆ. ಪಾಪ, ಅವನೇನು ಮಾಡಿಯಾನು? ಆರನೆಯದಕ್ಕೆ ಚೆಂಡನ್ನು ಆಕಾಶಕ್ಕೆ ಒದ್ದು ದೇವರ ಮೇಲೆ ಭಾರ. ದೇವರು ಸಾಮಾನ್ಯವಾಗಿ ಎದುರಾಳಿಯ ಕೈಗೇ ಹಾಕುತ್ತಾನೆ.

ಕ್ರೀಡಾಂಗಣದ ಎರಡು ತುದಿಗಳಲ್ಲಿ ಹುಲ್ಲಿನ ದಿಬ್ಬಗಳಿವೆ. ಮಕ್ಕಳೊಂದಿಗರು ಅಲ್ಲಿ ಕಂಬಳಿ ಹಾಸಿ ಕೂರುವುದು ರೂಢಿ. ಸಾಸ್ ಸುರಿದ ಮಾಂಸದ ಪೈ, ಬಿಸಿ ಆಲೂ ಚಿಪ್ಸ್. ಆಟ ಶುರುವಾದಾಗ ‘ನ್ಯೂ-ಕ್ಯಾಸಲ್’ ಎಂದು ಉಚ್ಚಾರವನ್ನು ತುಂಡುಮಾಡಿ ಕೂಗುವ ಘೋಷ ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಎದುರಾಳಿಯ ಗೆರೆಗೆ ಹತ್ತು ಮೀಟರ್ ಇರುವಾಗ ಮೂರನೇ ಸಲ, ನಾಲ್ಕನೇ ಸಲ ಅದೇ ಅಡ್ಡ ಆಟ ನಡೆದರೆ ಆ ಘೋಷ ನಿಂತು ಒಂದು ನಿಟ್ಟುಸಿರಿನಂಥ ಸದ್ದು ಬರುತ್ತದೆ. ಬೈಗುಳಕ್ಕಿಂತ ಅದೇ ಆಟಗಾರರಿಗೆ ಹೆಚ್ಚು ಚುಚ್ಚೀತು. ‘ಮುಂದಕ್ಕೆ ಓಡ್ರೋ!’ ಎಂಬ ಅರ್ಥದ ಕೂಗು ಹತ್ತು ವರ್ಷದ ಹುಡುಗನಿಂದಲೂ ಬರುತ್ತದೆ, ಎಪ್ಪತ್ತರ ಮುದುಕನಿಂದಲೂ ಬರುತ್ತದೆ.

ಈ ಊರಿನವರಿಗೆ ಸೋಲು ಸಹಿಸಲು ಬರುವುದಿಲ್ಲವೆಂದಲ್ಲ. 1989ರ ಡಿಸೆಂಬರ್ 28ರ ಬೆಳಗ್ಗೆ ಭೂಕಂಪವಾಗಿ 13 ಮಂದಿ ಸತ್ತರು. 1997ರ ಏಪ್ರಿಲ್‌ನಲ್ಲಿ, 1915ರಿಂದ ಊರಿಗೆ ಅನ್ನ ಹಾಕಿದ್ದ ಬಿಎಚ್‌ಪಿ ಉಕ್ಕಿನ ಕಾರ್ಖಾನೆ ಮುಚ್ಚುವ ಘೋಷಣೆ ಬಂತು. ಅಪ್ಪ, ಮಗ ಇಬ್ಬರೂ ಅಲ್ಲೇ ದುಡಿಯುತ್ತಿದ್ದ ಮನೆಗಳಿದ್ದವು. ಅದೇ ವರ್ಷ ಸೆಪ್ಟೆಂಬರ್ 28ರಂದು ನೈಟ್ಸ್ ತಂಡ ಸಿಡ್ನಿಯಲ್ಲಿ ಮ್ಯಾನ್ಲಿ ವಿರುದ್ಧ ಫೈನಲ್ ಆಡಿತು. ಆ ವರ್ಷ ಆಡಳಿತದ ಕಿತ್ತಾಟದಿಂದ ದೇಶದಲ್ಲಿ ಎರಡು ಪ್ರತ್ಯೇಕ ಟೂರ್ನಿಗಳು ನಡೆದಿದ್ದವು, ಅದು ಬೇರೆ ಕಥೆ. ಕೊನೆಯ ನಿಮಿಷದಲ್ಲಿ 16-16. ಒಂದು ಅಂಕದ ಡ್ರಾಪ್ ಗೋಲಿಗೆ ಒದೆಯುತ್ತಾರೆಂದು ಎಲ್ಲರ ಎಣಿಕೆ. ಪಕ್ಕದ ಗಣಿ ಪಟ್ಟಣ ಸೆಸ್ನಾಕ್‌ನ ಹುಡುಗ ಆಂಡ್ರ್ಯೂ ಜಾನ್ಸ್ ಚೆಂಡೆತ್ತಿಕೊಂಡು, ಯಾರೂ ನಿರೀಕ್ಷಿಸದ ಕಿರಿದಾದ ಬದಿಗೆ ನುಗ್ಗಿದ. ಒಬ್ಬನನ್ನು ತನ್ನ ಕಡೆ ಎಳೆದುಕೊಂಡು ಒಳಗೆ ಡ್ಯಾರೆನ್ ಆಲ್ಬರ್ಟ್‌ಗೆ ಕೊಟ್ಟ. ಆಲ್ಬರ್ಟ್ ಗೆರೆ ದಾಟಿದಾಗ ಗಡಿಯಾರದಲ್ಲಿ ಉಳಿದದ್ದು ಕೆಲವೇ ಸೆಕೆಂಡುಗಳು. 22-16. ಕಾರ್ಖಾನೆ ಎರಡು ವರ್ಷದ ನಂತರ ಮುಚ್ಚಿಯೇ ಹೋಯಿತು. ಆದರೆ ಆ ಟ್ರೈ ಮಾತ್ರ ಊರಿನಲ್ಲಿ ಇನ್ನೂ ಓಡುತ್ತಲೇ ಇದೆ.

2001ರಲ್ಲಿ ಪ್ಯಾರಮಟ್ಟ ತಂಡವನ್ನು 30-24ರಿಂದ ಸೋಲಿಸಿ ಇನ್ನೊಂದು ಪ್ರಶಸ್ತಿ ಬಂತು. ಮಧ್ಯಂತರಕ್ಕೇ 24-0 ಮುಂದಿದ್ದರು ಎಂದರೆ ಆ ದಾಳಿ ಎಂಥದಿತ್ತೆಂದು ಊಹಿಸಬಹುದು. 2007ರಲ್ಲಿ ಕತ್ತಿನ ತೊಂದರೆಯಿಂದ ಜಾನ್ಸ್ ಆಟ ಬಿಟ್ಟ. ಅಂದಿನಿಂದ ಬಂದ ಪ್ರತಿ ಹಾಫ್‌ಬ್ಯಾಕ್‌ನನ್ನೂ ಜನ ಅವನ ಪಕ್ಕ ನಿಲ್ಲಿಸಿ ಅಳೆಯುತ್ತಾರೆ. ಇದು ಅನ್ಯಾಯವೇ ಸರಿ. ಮೊದಲ ದರ್ಜೆಯ ಅಣ್ಣ ಓದಿದ ಶಾಲೆಗೆ ಸೇರಿದ ತಮ್ಮನ ಪಾಡು ಅದು.

ಆಸ್ಟ್ರೇಲಿಯಾದಲ್ಲಿ ಪಟ್ಟಿಯ ಕೊನೆಗೆ ಬಂದ ತಂಡಕ್ಕೆ ‘ಮರದ ಸೌಟು’ ಸಿಕ್ಕಿತು ಎನ್ನುತ್ತಾರೆ. ಸೌಟನ್ನು ಯಾರೂ ಕೊಡುವುದಿಲ್ಲ, ಮಾತಿಗಷ್ಟೇ. ಈ ಮಾತು ಬಂದದ್ದು ಪರೀಕ್ಷೆಯ ಕೋಣೆಯಿಂದ ಎಂಬುದು ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ಆನರ್ಸ್ ಪರೀಕ್ಷೆ ಪಾಸಾದವರಲ್ಲಿ ಕಟ್ಟಕಡೆಯವನಿಗೆ ಗೆಳೆಯರು ನಿಜವಾದ ಮರದ ಸೌಟನ್ನೇ ಕೊಟ್ಟು ತಮಾಷೆ ಮಾಡುತ್ತಿದ್ದರು. ರ‍್ಯಾಂಕಿನ ಕ್ರಮದಲ್ಲಿ ಫಲಿತಾಂಶ ಓದುವುದು 1909ರಲ್ಲಿ ನಿಂತಿತು, ಸೌಟೂ ನಿಂತಿತು. ಅವನು ಪಾಸಾಗಿರುತ್ತಿದ್ದ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ನೈಟ್ಸ್ ತಂಡಕ್ಕೆ ಈ ಸೌಟು 2005ರಲ್ಲಿ ಬಂತು. ಮತ್ತೆ 2015, 2016, 2017, ಸಾಲಾಗಿ ಮೂರು ವರ್ಷ. 2016ರಲ್ಲಂತೂ 24 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸಮವಾದದ್ದು ಒಂದು. ಆದರೂ ದಿಬ್ಬದ ಹುಲ್ಲು ಬರಿದಾಗಲಿಲ್ಲ. 2023ರಲ್ಲಿ ಏನೋ ಗಾಳಿ ಬೀಸಿತು. ತಂಡ ಸತತ ಗೆಲುವುಗಳ ಬೆನ್ನೇರಿ ನಾಕೌಟ್ ಸುತ್ತು ತಲುಪಿತು, ನಾಯಕ ಕೇಲಿನ್ ಪೊಂಗಾ ವರ್ಷದ ಶ್ರೇಷ್ಠ ಆಟಗಾರನೆನಿಸಿದ. ಇನ್ನೂ ದೊಡ್ಡ ಸಂಗತಿಯೆಂದರೆ ಕ್ಲಬ್ಬಿನ ಮಹಿಳಾ ತಂಡ 2022 ಮತ್ತು 2023ರಲ್ಲಿ ಎರಡು ಸಲ ಚಾಂಪಿಯನ್ ಆಯಿತು. ಅದೇ ಅಂಗಿ, ಅದೇ ಮೈದಾನ. ಹುಡುಗಿಯರು ನೇರ ನುಗ್ಗಿ ಆಡಿ ತೋರಿಸಿದರು. ಊರಿನ ಅಪ್ಪಂದಿರು ಮಗಳಂದಿರ ಕೈಹಿಡಿದು ಆ ಪಂದ್ಯಗಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

2025ರಲ್ಲಿ ಗಂಡಸರ ತಂಡ ಮತ್ತೆ ನೆಲ ಕಚ್ಚಿತು. 17 ತಂಡಗಳಲ್ಲಿ 17ನೆಯದು. ದಾಳಿಯಂತೂ ತೀರ ಸಪ್ಪೆ. ಋತುವಿನ ಕೊನೆಯ ಪಂದ್ಯದಲ್ಲಿ ಪ್ಯಾರಮಟ್ಟ 66-10ರಿಂದ ಸೋಲಿಸಿತು. 2001ರಲ್ಲಿ ಇವರು ಬಗ್ಗುಬಡಿದ ಅದೇ ಪ್ಯಾರಮಟ್ಟ! ಆ ಋತುವಿನೊಂದಿಗೆ ತರಬೇತುದಾರನೂ ಹೊರಟ.

ಗಾಯಕ್ಕೆ ಮುಲಾಮು ತರಲು ಕ್ಲಬ್ಬು ಹೋದದ್ದೂ ಪ್ಯಾರಮಟ್ಟಕ್ಕೇ. ಅಲ್ಲಿನ ಡಿಲನ್ ಬ್ರೌನ್ ಎಂಬ ಸೂತ್ರಧಾರನನ್ನು 2026ರಿಂದ ಹತ್ತು ವರ್ಷಕ್ಕೆ, ಸುಮಾರು 1.3 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಗೊತ್ತುಮಾಡಿಕೊಂಡಿತು. ಈ ಒಪ್ಪಂದ ಘೋಷಣೆಯಾದದ್ದು 2025ರ ಮಾರ್ಚ್‌ನಲ್ಲಿ, ಕೊನೆಯ ಸ್ಥಾನದ ಮುಖಭಂಗಕ್ಕೆ ಮುಂಚೆಯೇ. ಒಬ್ಬ ಆಟಗಾರನಿಗೆ ಹತ್ತು ವರ್ಷ! ಅಷ್ಟು ಹಣದಲ್ಲಿ ಮೂವರು ಬರುತ್ತಿದ್ದರು ಎನ್ನುವವರು ಒಂದು ಕಡೆ, ದಾರಿ ತೋರುವವನು ಒಬ್ಬ ಸಿಕ್ಕರೆ ಸಾಕು ಎನ್ನುವವರು ಇನ್ನೊಂದು ಕಡೆ. ಬ್ರಾಡ್‌ಮೆಡೋ ನಿಲ್ದಾಣದಿಂದ ಮೈದಾನದವರೆಗಿನ ನಡಿಗೆ ಈ ವಾದಕ್ಕೆ ಸಾಲದು. ಒಪ್ಪಂದ ಮುಗಿಯುವ ಹೊತ್ತಿಗೆ, ಈ ದಿಬ್ಬದ ಮೇಲೆ ಕೂತು ‘ಮುಂದಕ್ಕೆ ಓಡ್ರೋ’ ಎಂದು ಕೂಗುವ ಎಂಟು ವರ್ಷದ ಹುಡುಗ ಶಾಲೆ ಮುಗಿಸಿರುತ್ತಾನೆ.